ಬೆಂಜ್ ಸರ್ಕಲ್‌ನ ಮಜ್ಜಿಗೆಯ ಋಣ

ಮುಂಬಯಿಯಲ್ಲಿ ಬೆಂಜ್ ಎಂದ ಕೂಡಲೇ ಕಣ್ಣ ಮುಂದೆ ಬರುವುದು ದುಬಾರಿ ಕಾರು. ಆದರೆ ಆಂಧ್ರದ ವಿಜಯವಾಡದಲ್ಲಿ ನಾಲ್ಕು ದಿನ ಇದ್ದು ಬಂದವರಿಗೆ ಬೆಂಜ್ ಎಂದರೆ ಒಂದು ಸರ್ಕಲ್. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವ ಹೆದ್ದಾರಿ ಮತ್ತು ಹೈದರಾಬಾದಿನಿಂದ ಮಚಲೀಪಟ್ಟಣದ ಸಮುದ್ರದ ಕಡೆಗೆ ಇಳಿಯುವ ಹೆದ್ದಾರಿ ಒಂದನ್ನೊಂದು ಕತ್ತರಿಸುವ ಜಾಗವದು. ಹಿಂದೆ ಇವಕ್ಕೆ 5 ಮತ್ತು 9 ಎಂಬ ಸಂಖ್ಯೆಗಳಿದ್ದವು, ಈಗ 16 ಮತ್ತು 65. ಈ 65ನೇ ಹೆದ್ದಾರಿ ನಮ್ಮವರಿಗೆ ಪೂರ್ತಿ ಪರಕೀಯವೇನಲ್ಲ. ಪುಣೆಯಲ್ಲಿ ಹೊರಟು, ಸೊಲ್ಲಾಪುರ ದಾಟಿ, ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಹಾದು ಅದು ವಿಜಯವಾಡ ಸೇರುತ್ತದೆ. ಕೃಷ್ಣಾ ನದಿಯೂ ಹಾಗೆಯೇ, ಮಹಾರಾಷ್ಟ್ರದಲ್ಲಿ ಹುಟ್ಟಿ, ನಮ್ಮ ಬಾಗಲಕೋಟೆ, ರಾಯಚೂರಿನ ಬಿಸಿಲು ತಿಂದು ಅಲ್ಲಿಗೆ ಬರುತ್ತದೆ. ನಾನು ಹೋದದ್ದು ಮಾತ್ರ ರಸ್ತೆಯಿಂದಲೂ ಅಲ್ಲ, ನದಿಯಿಂದಲೂ ಅಲ್ಲ, ಬ್ಯಾಂಕಿನ ವರ್ಗಾವಣೆ ಆದೇಶದಿಂದ.

ಓದುಗರಲ್ಲಿ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರಾವಳಿಯಲ್ಲಿ ಹುಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಒಂದು ಕಾಲದಲ್ಲಿ ಉಡುಪಿ, ಕುಂದಾಪುರದ ಹುಡುಗರನ್ನು ದೇಶದ ಮೂಲೆ ಮೂಲೆಗೆ ಕಳುಹಿಸಿದವು. ವಿಜಯಾ ಬ್ಯಾಂಕ್ 2019ರಲ್ಲಿ, ಉಳಿದೆರಡು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಆ ಹೆಸರುಗಳೇ ಬೋರ್ಡಿನಿಂದ ಇಳಿದವು. ಹೀಗೆ ಹೋದವರಲ್ಲಿ ನಾನೂ ಒಬ್ಬ. 2003ರಿಂದ 2007ರ ತನಕ ಬೆಂಜ್ ಸರ್ಕಲ್‌ಗೆ ಹತ್ತು ನಿಮಿಷದ ನಡಿಗೆಯ ದೂರದಲ್ಲಿ, ಪಟಮಟದ ಒಂದು ಮಾಳಿಗೆ ಮನೆಯಲ್ಲಿ ನಮ್ಮ ಸಂಸಾರವಿತ್ತು. ಆ ನಾಲ್ಕು ವರ್ಷಗಳಲ್ಲಿ ಆ ಸರ್ಕಲ್‌ನಲ್ಲಿ ನಡೆದ ಎರಡು ಘಟನೆಗಳನ್ನು ಇಲ್ಲಿ ಹೇಳಬೇಕು. ಒಂದರಲ್ಲಿ ನಾನು ಸಹಾಯ ಪಡೆದವನು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳಿದರೆ ಅರ್ಧ ಸುಳ್ಳು ಹೇಳಿದಂತೆ.

ರೋಹಿಣಿಯ ಬಿಸಿಲು

ನಮ್ಮ ಕಡೆ ರೋಹಿಣಿ ಎಂದರೆ ಮಳೆಯ ಹೆಸರು. ಮೇ ಕೊನೆಗೆ ರೋಹಿಣಿ ಹುಟ್ಟಿತೆಂದರೆ ಗದ್ದೆಯ ಕೆಲಸ ನೆನಪಾಗುತ್ತದೆ. ವಿಜಯವಾಡದಲ್ಲಿ ಅದೇ ನಕ್ಷತ್ರದ ಹೆಸರು ಹೇಳಿದರೆ ಜನ ತಲೆಯ ಮೇಲೆ ಟವೆಲು ಎಳೆದುಕೊಳ್ಳುತ್ತಾರೆ. ರೋಹಿಣಿ ಕಾರ್ತೆಯಲ್ಲಿ ಬಂಡೆಯೂ ಬಿರಿಯುತ್ತದೆ ಎಂಬ ಮಾತು ಅಲ್ಲಿಯದು. ಪಾದರಸ 45 ಡಿಗ್ರಿ ದಾಟುವುದು ಆ ಊರಿಗೆ ಹೊಸತಲ್ಲ. ಬೆಜವಾಡ ಎಂಬ ಹಳೆಯ ಹೆಸರನ್ನು ಇಂಗ್ಲಿಷಿನಲ್ಲಿ ‘ಬ್ಲೇಜ್‌ವಾಡ’ ಎಂದು ತಿರುಚಿ ನಗುವ ರೂಢಿ ಸುಮ್ಮನೆ ಬಂದದ್ದಲ್ಲ. 2003ರ ಬೇಸಿಗೆಯಲ್ಲಂತೂ ಆಂಧ್ರದಲ್ಲಿ ಬಿಸಿಗಾಳಿಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಅದೇ ವರ್ಷ ಮೇ ಕೊನೆಯ ವಾರ ಕುಂದಾಪುರದ ಹಳ್ಳಿಯಿಂದ ಅಪ್ಪಯ್ಯ ಬಂದಿದ್ದರು. ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ಅಮರಾವತಿ ಎಕ್ಸ್‌ಪ್ರೆಸ್. ಈ ಸೆಖೆಯಲ್ಲಿ ಬರುವುದು ಬೇಡ ಎಂದು ಪತ್ರ ಬರೆದಿದ್ದೆ. ಮಳೆ ಹಿಡಿದ ಮೇಲೆ ಗದ್ದೆ ಬಿಟ್ಟು ಬರಲಾಗದು ಎಂದು ಅವರ ಲೆಕ್ಕ. ಬೆಳಗ್ಗೆ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ದರ್ಶನವಾಯಿತು. ಸೀದಾ ಮನೆಗೆ ಬಂದಿದ್ದರೆ ಆಗುತ್ತಿತ್ತು. ಪ್ರಕಾಶಂ ಬ್ಯಾರೇಜು ನೋಡಬೇಕು, ಇಷ್ಟು ದೊಡ್ಡ ಹೊಳೆಗೆ ಕಟ್ಟ ಹೇಗೆ ಹಾಕಿದ್ದಾರೆ ನೋಡಬೇಕು ಎಂದರು. ನೋಡಿ, ಸಿಟಿ ಬಸ್ಸು ಹಿಡಿದು ಬೆಂಜ್ ಸರ್ಕಲ್‌ನಲ್ಲಿ ಇಳಿಯುವಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಆಟೋ ಮಾಡೋಣ ಎಂದರೆ, ‘ಹತ್ ನಿಮಿಷಕ್ಕೆ ಆಟೋ ಎಂತಕ್ಕೆ’ ಎಂದು ಕೊಡೆ ಬಿಡಿಸಿ ನಡೆದೇಬಿಟ್ಟರು. ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ. ಕೊಡೆ ಒಂದು ಕಡೆ, ಅಪ್ಪಯ್ಯ ಒಂದು ಕಡೆ.

ಆ ಹೊತ್ತಿನಲ್ಲಿ ರಸ್ತೆಯಲ್ಲಿ ಜನವೇ ಇರಲಿಲ್ಲ ಎನ್ನಬೇಕು. ಲಾರಿಗಳು ಮಾತ್ರ. ಸರ್ಕಲ್‌ನ ಪಕ್ಕದಲ್ಲೇ ತಾಳೆಗರಿ ಹೊದೆಸಿದ ಒಂದು ಚಪ್ಪರ, ಅದರೊಳಗೆ ಒದ್ದೆ ಬಟ್ಟೆ ಸುತ್ತಿದ ನಾಲ್ಕು ಮಡಕೆ. ಅಲ್ಲಿಂದ ಐವತ್ತರ ಆಸುಪಾಸಿನ ಒಬ್ಬರು ಓಡಿ ಬಂದರು. ಮೈಮೇಲೆ ಬನಿಯನ್, ಗ್ರೀಸ್ ಹಿಡಿದ ಲುಂಗಿ. ಅಪ್ಪಯ್ಯನ ಕಂಕುಳಿಗೆ ಅವರು ಕೈ ಕೊಟ್ಟರು, ಕಾಲು ನಾನು ಹಿಡಿದೆ, ಚಪ್ಪರದ ನೆರಳಿನ ಬೆಂಚಿನ ಮೇಲೆ ಮಲಗಿಸಿದೆವು. ಗಾಬರಿಯಲ್ಲಿ ನಾನು ಲೋಟದಲ್ಲಿ ನೀರು ಮೊಗೆದು ಅಪ್ಪಯ್ಯನ ಬಾಯಿಗೆ ಹೊಯ್ಯಲು ಹೋದೆ. ಅವರು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. ‘ವದ್ದಂಡಿ! ತೆಲಿವಿ ರಾನಿವ್ವಂಡಿ’ ಎಂದರು. ಬೇಡ, ಮೊದಲು ಪ್ರಜ್ಞೆ ಬರಲಿ ಎಂದು. ಎಚ್ಚರ ಇಲ್ಲದವರ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ ಎಂದು ಆಮೇಲೆ ಡಾಕ್ಟರು ಹೇಳಿದಾಗಲೇ ನನಗೆ ಅರ್ಥವಾದದ್ದು. ಬ್ಯಾಂಕ್ ಪರೀಕ್ಷೆ ಪಾಸು ಮಾಡಿದ ನನಗೆ ತಿಳಿಯದ್ದು ಆ ಲುಂಗಿಯವರಿಗೆ ತಿಳಿದಿತ್ತು.

ಅವರು ಅಂಗಿಯ ಗುಂಡಿ ಬಿಚ್ಚಿದರು, ಮಡಕೆಗೆ ಸುತ್ತಿದ್ದ ಬಟ್ಟೆಯನ್ನೇ ಬಿಡಿಸಿ ಕುತ್ತಿಗೆಗೆ, ಕಂಕುಳಿಗೆ ಇಟ್ಟರು, ಬೀಸಣಿಗೆಯಿಂದ ಬೀಸತೊಡಗಿದರು. ನಡುವೆ ಒಂದು ಕೈ ಎತ್ತಿ ಆಟೋ ನಿಲ್ಲಿಸಿದರು. ಒಳಗೆ ಕುಳಿತಿದ್ದ ಕಾಲೇಜು ಹುಡುಗಿಯರಿಬ್ಬರು ಕೇಳುವ ಮೊದಲೇ ಇಳಿದು ಬಿಸಿಲಲ್ಲಿ ನಿಂತರು. ಅಷ್ಟರಲ್ಲಿ ಅಪ್ಪಯ್ಯ ಕಣ್ಣು ತೆರೆದು, ‘ಎಂತ ಆಯ್ಲಿಲ್ಲ, ಕಣ್ ಕತ್ಲಿ ಬಂತ್, ಅಷ್ಟೇ’ ಎಂದರು. ಅವರ ಭಾಷೆ ಅಲ್ಲಿ ಯಾರಿಗೂ ತಿಳಿಯಲಿಲ್ಲ, ಆದರೂ ಎಲ್ಲರ ಮುಖದಲ್ಲಿ ನಗು ಬಂತು. ಆಗ ಮಜ್ಜಿಗೆ ಕೊಟ್ಟರು, ಉಪ್ಪು, ಶುಂಠಿ, ಕರಿಬೇವು ಹಾಕಿದ ನೀರು ಮಜ್ಜಿಗೆ. ‘ಮೆಲ್ಲಗಾ, ಪೆದ್ದಾಯನಾ, ಮೆಲ್ಲಗಾ ತಾಗಂಡಿ’ ಎನ್ನುತ್ತ ಮಗುವಿಗೆ ಕುಡಿಸುವಂತೆ ಗುಟುಕು ಗುಟುಕಾಗಿ ಕುಡಿಸಿದರು.

ಆಗ ಆಂಧ್ರದಲ್ಲಿ 108 ಆಂಬುಲೆನ್ಸ್ ಇರಲಿಲ್ಲ. ಅದು ಅಲ್ಲಿ ಆರಂಭವಾದದ್ದು 2005ರ ಆಗಸ್ಟ್ 15ರಂದು, ನಮ್ಮ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರ್ 1ರಂದು. ಆಟೋವೇ ನಮ್ಮ ಆಂಬುಲೆನ್ಸ್. ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಏರಿಸಿದರು. ‘ವಡದೆಬ್ಬ’ ಎಂದರು ಡಾಕ್ಟರು, ಅಂದರೆ ಬಿಸಿಲಿನ ಹೊಡೆತ. ಅರ್ಧ ಗಂಟೆ ತಡವಾಗಿದ್ದರೆ ಮಾತೇ ಬೇರೆ ಇತ್ತಂತೆ. ಸಂಜೆ ನಾಲ್ಕೂವರೆಗೆ ಹೊರಗೆ ಬಂದು ನೋಡಿದರೆ ಅದೇ ಆಟೋ ಬೇವಿನ ಮರದ ಬುಡದಲ್ಲಿ ನಿಂತಿದೆ. ಮೂರು ಗಂಟೆ ಬಾಡಿಗೆ ಬಿಟ್ಟು ಕಾದಿದ್ದಾನೆ. ಮನೆಗೆ ತಂದು ಬಿಟ್ಟ ಮೇಲೆ ನಾನು ಇನ್ನೂರು ರೂಪಾಯಿ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ‘ತೆಗೆದುಕೊಂಡರೆ ಇದು ಬಾಡಿಗೆಯಾಗುತ್ತದೆ ಸಾರ್’ ಎಂದು ತೆಲುಗಿನಲ್ಲಿ ಹೇಳಿ ಹೊರಟುಹೋದ.

ಮೂರು ದಿನ ಬಿಟ್ಟು ಸಿಹಿ ಕಟ್ಟಿಸಿಕೊಂಡು ಚಪ್ಪರಕ್ಕೆ ಹೋದೆ. ಆ ಮನುಷ್ಯ ಲಾರಿ ಬಿಡಿಭಾಗಗಳ ಸಣ್ಣ ಅಂಗಡಿಯವರು. ಅಂಗಡಿ ಇರುವುದು ಆಟೋನಗರದಲ್ಲಿ, ಮಧ್ಯಾಹ್ನ ಹೇಗೂ ವ್ಯಾಪಾರವಿಲ್ಲ, ಇಲ್ಲಿ ಬಂದು ಕುಳಿತುಕೊಳ್ಳುತ್ತೇನೆ ಎಂದರು. ಸಿಹಿಯನ್ನು ಅಲ್ಲಿದ್ದ ಕೂಲಿಯವರಿಗೆ ಹಂಚಿ ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟರು. ನಾಲ್ಕು ಬೇಸಿಗೆ ನಾನು ಅವರನ್ನು ಕಂಡೆ, ಎಷ್ಟೋ ಲೋಟ ಕುಡಿದೆ. ಅವರನ್ನು ಎಲ್ಲರೂ ‘ಬಾಬಾಯಿ’ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಹೆಸರು ಕೇಳಬೇಕೆಂದು ಒಮ್ಮೆಯೂ ಹೊಳೆಯಲಿಲ್ಲ.

ಅರವಟ್ಟಿಗೆ, ಚಲಿವೇಂದ್ರ, ಪ್ಯಾವು

ಆ ಚಪ್ಪರಕ್ಕೆ ತೆಲುಗಿನಲ್ಲಿ ‘ಚಲಿವೇಂದ್ರಂ’ ಎನ್ನುತ್ತಾರೆ. ಚಲಿ ಎಂದರೆ ಚಳಿ, ತಂಪು. ಮಾರ್ಚ್ ಬಂತೆಂದರೆ ವರ್ತಕರ ಸಂಘ, ಯುವಕರ ಗುಂಪು, ತೀರಿಕೊಂಡ ಹಿರಿಯರ ಹೆಸರಿನಲ್ಲಿ ಮಕ್ಕಳು, ಹೀಗೆ ಯಾರು ಯಾರೋ ರಸ್ತೆ ಬದಿಯಲ್ಲಿ ಹಾಕುತ್ತಾರೆ. ಅಪ್ಪಯ್ಯ ಬೆಂಚಿನ ಮೇಲೆ ಕುಳಿತು ಮಡಕೆಗಳನ್ನು ನೋಡಿ, ‘ಇದ್ ಅರವಟ್ಟಿಗೆ ಅಲ್ದಾ’ ಎಂದಿದ್ದರು. ಸರಿಯಾದ ಮಾತು. ಅರವಟ್ಟಿಗೆ ಕನ್ನಡದ ಬಹು ಹಳೆಯ ಪದ, ನಮ್ಮ ಶಾಸನಗಳಲ್ಲೇ ಇದೆ. ಕೆರೆ, ಬಾವಿ, ಛತ್ರಗಳ ಜತೆ ದಾರಿಹೋಕರ ನೀರಿಗೂ ನಮ್ಮ ಹಿರಿಯರು ಭೂಮಿ ಬಿಟ್ಟುಕೊಟ್ಟರು. ಕರಾವಳಿಯ ಮನೆಗಳಲ್ಲಿ ಜಗಲಿಗೆ ಬಂದವರು ಯಾರೇ ಆಗಲಿ, ಯಾಕೆ ಬಂದಿರಿ ಎಂದು ಕೇಳುವ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಇಡುತ್ತಿದ್ದುದೂ ಅದೇ ಸಂಸ್ಕಾರ.

ನಮ್ಮ ಮುಂಬಯಿಯೂ ಇದರಲ್ಲಿ ಹಿಂದೆ ಬಿದ್ದದ್ದಲ್ಲ. ಮಸ್ಜಿದ್ ಬಂದರ್ ಕಡೆ ಹೋದವರು 1876ರಲ್ಲಿ ಕಟ್ಟಿಸಿದ ಕೇಶವಜಿ ನಾಯಕ್ ಕಾರಂಜಿಯನ್ನು ಕಂಡಿರಬಹುದು. ಶ್ರೀಮಂತ ವ್ಯಾಪಾರಿಗಳು ತಮ್ಮವರ ನೆನಪಿಗೆ ಕಟ್ಟಿಸಿದ ಇಂಥ ‘ಪ್ಯಾವು’ಗಳು ನಗರದ ಹಲವೆಡೆ ಇದ್ದವು. ಮನುಷ್ಯರಿಗೆ ಮಾತ್ರವಲ್ಲ, ಗಾಡಿ ಎಳೆಯುವ ಎತ್ತು, ಕುದುರೆಗಳಿಗೂ ಅಲ್ಲಿ ನೀರು ಸಿಗುತ್ತಿತ್ತು. ಬಾಟಲಿ ನೀರು ಬಂದ ಮೇಲೆ ಹೆಚ್ಚಿನವು ಒಣಗಿ, ಕೆಲವು ಅಂಗಡಿಗಳ ಹಿಂದೆ ಅಡಗಿಹೋದವು. ದಿನಾ ಅದರ ಪಕ್ಕದಲ್ಲೇ ಹಾದುಹೋಗುವ ನಮಗೆ ಅದು ಏನೆಂದೂ ತಿಳಿದಿಲ್ಲ.

ಅಪ್ಪಯ್ಯ ಊರಿಗೆ ಮರಳಿದ ಮೇಲೆ ಮನೆಯ ಗೇಟಿನ ಹೊರಗೆ, ಬಸ್ಸು ನಿಲ್ಲುವಲ್ಲಿ, ಒಂದು ಮಣ್ಣಿನ ಕೊಡ ಇಟ್ಟರು. ಊರವರು ಅದಕ್ಕೆ ‘ಬೆಜವಾಡ ಕೊಡ’ ಎಂದು ಹೆಸರಿಟ್ಟರು. 2014ರಲ್ಲಿ ಅವರು ತೀರಿಕೊಳ್ಳುವ ತನಕ, ಅಂದರೆ ಹನ್ನೊಂದು ವರ್ಷ, ಆ ಕೊಡ ಬೇಸಿಗೆಯಲ್ಲಿ ಬರಿದಾದದ್ದಿಲ್ಲ.

ನಾನು ನಿಲ್ಲಿಸದ ಸ್ಕೂಟರ್

ಇನ್ನು ಎರಡನೆಯ ಘಟನೆ. 2006ರ ಡಿಸೆಂಬರ್, ಬೆಳಗಿನ ಜಾವ ಐದು ಗಂಟೆಗೆ ಮೊದಲು. ಊರಿನಿಂದ ಬರುತ್ತಿದ್ದ ಹೆಂಡತಿಯನ್ನು ಕರೆತರಲು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಹೊರಟಿದ್ದೆ. ಬೆಂಜ್ ಸರ್ಕಲ್ ದಾಟುವಲ್ಲಿ ಡಿವೈಡರ್ ಪಕ್ಕ ಒಂದು ಬೈಕು ಬಿದ್ದಿತ್ತು, ಅದರ ದೀಪ ಇನ್ನೂ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಒಬ್ಬ ಹುಡುಗ ಮಗ್ಗುಲಾಗಿ ಬಿದ್ದಿದ್ದ. ಕೈ ಅಲ್ಲಾಡಿದ್ದನ್ನು ನಾನು ನೋಡಿದೆ. ಮುಂದೆ ಹೋಗುತ್ತಿದ್ದ ಎರಡು ವಾಹನಗಳು ನಿಧಾನವಾದವು, ಮತ್ತೆ ಹೋದವು. ನಾನೂ ನಿಧಾನ ಮಾಡಿದೆ, ಹೋದೆ.

ಆ ನಾಲ್ಕು ಸೆಕೆಂಡಿನಲ್ಲಿ ತಲೆಯಲ್ಲಿ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಪೊಲೀಸರು ನೀನೇ ಗುದ್ದಿದ್ದೆ ಎಂದರೆ? ಹಿಂದಿನ ಶಾಖೆಯ ಸಹೋದ್ಯೋಗಿಯೊಬ್ಬರು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ಆರು ವರ್ಷ ಕೋರ್ಟಿಗೆ ಅಲೆದ ಕಥೆ. ರೈಲು ಬಂದು ಹೆಂಡತಿ ಪ್ಲಾಟ್‌ಫಾರಂನಲ್ಲಿ ಒಬ್ಬಳೇ ನಿಂತಿರುತ್ತಾಳೆ. ಕೊನೆಯದಾಗಿ, ಯಾರಾದರೂ ನಿಲ್ಲಿಸುತ್ತಾರೆ ಎಂಬ ಸಮಾಧಾನ. ಈ ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ನನ್ನ ಮುಂದಿನ ಇಬ್ಬರೂ ಅದನ್ನೇ ಯೋಚಿಸಿರಬೇಕು. ನನ್ನ ಜೇಬಿನಲ್ಲಿ ಮೊಬೈಲ್ ಇತ್ತು. 108 ಬಂದು ಒಂದು ವರ್ಷ ದಾಟಿತ್ತು. ಸ್ಕೂಟರಿನಿಂದ ಇಳಿಯದೆಯೇ ಒಂದು ಕರೆ ಮಾಡಬಹುದಿತ್ತು. ಅದನ್ನೂ ಮಾಡಲಿಲ್ಲ.

ಮುಕ್ಕಾಲು ಗಂಟೆಯ ಬಳಿಕ ಆಟೋದಲ್ಲಿ ಹೆಂಡತಿ, ಹಿಂದೆ ಸ್ಕೂಟರಿನಲ್ಲಿ ನಾನು, ಅದೇ ದಾರಿಯಲ್ಲಿ ಬಂದೆವು. ಹುಡುಗ ಇರಲಿಲ್ಲ. ಒಂದು ಚಪ್ಪಲಿ ಇತ್ತು. ಚಹಾ ಅಂಗಡಿಯವನನ್ನು ಕೇಳಿದೆ. ಹಾಲಿನ ವ್ಯಾನಿನವರು ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಅದು ಬರುವ ತನಕ ಹುಡುಗನ ತಲೆಗೆ ಬಟ್ಟೆ ಒತ್ತಿ ಹಿಡಿದು ಕುಳಿತಿದ್ದರಂತೆ. ಅವನು ಬದುಕಿದನೇ ಇಲ್ಲವೇ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಮಧ್ಯಾಹ್ನ ಎಂದಿನಂತೆ ಆ ದಾರಿಯಲ್ಲಿ ಬರುವಾಗ ಬಾಬಾಯಿಯ ಚಪ್ಪರ ಇರುವ ಜಾಗ ಖಾಲಿ ಇತ್ತು. ಚಳಿಗಾಲದಲ್ಲಿ ಅದು ಇರುವುದಿಲ್ಲ. ಇಲ್ಲದ್ದು ಒಳ್ಳೆಯದೇ ಆಯಿತು ಎಂದು ಅಂದು ಅನಿಸಿತು. ಈ ವಿಷಯವನ್ನು ಹೆಂಡತಿಗೆ ಹೇಳಲು ನನಗೆ ಹದಿನೆಂಟು ವರ್ಷ ಹಿಡಿಯಿತು.

ಅದೇ 2006ರಲ್ಲಿ ಕಾನೂನು ಆಯೋಗ ತನ್ನ 201ನೇ ವರದಿಯಲ್ಲಿ, ಗಾಯಾಳುಗಳಿಗೆ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಅರ್ಧದಷ್ಟು ಜೀವ ಉಳಿಸಬಹುದು ಎಂದು ಹೇಳಿತ್ತು. ಕಾಗದಪತ್ರಕ್ಕೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕು ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿಯಾಗಿತ್ತು. ಆದರೆ ಎತ್ತಿಕೊಂಡು ಹೋಗುವವನಿಗೆ ರಕ್ಷಣೆ ಇರಲಿಲ್ಲ. ಅದು ಬಂದದ್ದು ತಡವಾಗಿ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಸಹಾಯ ಮಾಡಿದವರ ರಕ್ಷಣೆಯ ಮಾರ್ಗಸೂಚಿಗೆ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಂ ಸೇರಿತು, 2020ರಲ್ಲಿ ನಿಯಮಗಳು ಬಂದವು. ಈಗ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ. ಸಾಕ್ಷಿ ಹೇಳುವುದು ಅವರ ಇಷ್ಟ. ಆಸ್ಪತ್ರೆ ಅವರನ್ನು ಹಿಡಿದಿಡುವಂತಿಲ್ಲ, ಈ ಹಕ್ಕುಗಳನ್ನು ಸ್ಥಳೀಯ ಭಾಷೆಯಲ್ಲೂ ಬಾಗಿಲ ಬಳಿ ಬರೆದು ಹಾಕಬೇಕು. ಗಂಭೀರ ಗಾಯಾಳುವನ್ನು ಮೊದಲ ಗಂಟೆಯಲ್ಲೇ ತಲುಪಿಸಿದವರಿಗೆ ಕೇಂದ್ರ ಸರಕಾರ 2021ರಲ್ಲಿ 5,000 ರೂ. ಬಹುಮಾನ ಘೋಷಿಸಿತು, 2025ರಲ್ಲಿ ಅದನ್ನು 25,000ಕ್ಕೆ ಏರಿಸಿತು. ಹಣದ ಮಾತು ಕೇಳಿದಾಗ ನನಗೆ ಆ ಆಟೋದವನ ನೆನಪಾಗುತ್ತದೆ. ಅದಿರಲಿ. ಹೆದರಿಕೆ ಹೋಗಲು ಏನು ಬೇಕೋ ಅದಾಗಲಿ. 2022ರ ಒಂದೇ ವರ್ಷ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತಿದ್ದಾರೆ.

ಕಾನೂನು ಬಂದ ಮಾತ್ರಕ್ಕೆ ಎಲ್ಲ ಆಗುವುದಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಯುವಕ ಹರೀಶ್, ಆ ಸ್ಥಿತಿಯಲ್ಲೂ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದದ್ದು ಕನ್ನಡಿಗರೆಲ್ಲರಿಗೂ ನೆನಪಿದೆ. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ಚಿಕಿತ್ಸೆಯ ನೆರವು ಕೊಡುವ ಕರ್ನಾಟಕ ಸರಕಾರದ ಯೋಜನೆ ಅವರ ಹೆಸರಿನಲ್ಲೇ ಬಂತು. ಮುಂದಿನ ವರ್ಷ ಫೆಬ್ರವರಿಯಲ್ಲೇ ಕೊಪ್ಪಳದಲ್ಲಿ ಬಸ್ಸಿನಡಿಗೆ ಬಿದ್ದ ಹದಿಹರೆಯದ ಸೈಕಲ್ ಸವಾರನೊಬ್ಬ ರಕ್ತದ ಮಡುವಿನಲ್ಲಿ ಸಹಾಯ ಬೇಡುತ್ತಿರುವಾಗ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅವರನ್ನು ಬೈದು ಬರೆದ ಲೇಖನಗಳು ಆಗ ತುಂಬ ಬಂದವು. ನಾನೂ ಬೈಯಬಹುದಿತ್ತು, ಬಾಯಿ ಬರಲಿಲ್ಲ.

ಫ್ಲೈಓವರ್ ಕೆಳಗೆ

2025ರ ಮೇ ತಿಂಗಳಲ್ಲಿ ಸಂಬಂಧಿಕರ ಮದುವೆಗೆಂದು ಮತ್ತೆ ವಿಜಯವಾಡಕ್ಕೆ ಹೋಗಿದ್ದೆ. ಬೆಂಜ್ ಸರ್ಕಲ್ ಗುರುತು ಸಿಗಲಿಲ್ಲ. 2020ರಿಂದ ಮೇಲೆ ಫ್ಲೈಓವರ್ ಬಂದಿದೆ, ದೂರದ ಲಾರಿಗಳೆಲ್ಲ ನೆತ್ತಿಯ ಮೇಲೆಯೇ ಹೋಗುತ್ತವೆ. ಅದರ ನೆರಳಿನಲ್ಲಿ ಒಂದು ಚಲಿವೇಂದ್ರ ಇತ್ತು. ತಾಳೆಗರಿಯ ಬದಲು ಶಾಮಿಯಾನ, ಮಡಕೆಯ ಬದಲು ನೀಲಿ ಕ್ಯಾನುಗಳು. ಮಜ್ಜಿಗೆ ಮಾತ್ರ ಅದೇ. ಬಾಬಾಯಿಯನ್ನು ಕೇಳಿದೆ. ಅಲ್ಲಿದ್ದ ಹುಡುಗರಿಗೆ ಗೊತ್ತಿಲ್ಲ. ಹೆಸರೇನು ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆಟೋನಗರಕ್ಕೂ ಹೋಗಿ ನಾಲ್ಕಾರು ಅಂಗಡಿಗಳಲ್ಲಿ ವಿಚಾರಿಸಿದೆ. ಬಾಬಾಯಿ ಎಂದರೆ ತೆಲುಗಿನಲ್ಲಿ ಚಿಕ್ಕಪ್ಪ. ಊರೆಲ್ಲ ಚಿಕ್ಕಪ್ಪಂದಿರೇ.

ಚಪ್ಪರದಲ್ಲಿ ಮಜ್ಜಿಗೆ ಹಂಚುತ್ತಿದ್ದ ಹುಡುಗನೊಬ್ಬ ಸಿಂಗ್ ನಗರದವನು. 2024ರ ಸೆಪ್ಟೆಂಬರ್ 1ರಂದು ಬುಡಮೇರು ಹೊಳೆ ಒಡೆದು ನುಗ್ಗಿದಾಗ ಆ ಬಡಾವಣೆ ದಿನಗಟ್ಟಲೆ ನೀರಿನಲ್ಲಿ ನಿಂತಿತ್ತು. ಅವನ ಮನೆಯವರು ಮಹಡಿಯ ಮೇಲೆ ನಾಲ್ಕು ದಿನ ಇದ್ದರಂತೆ. ಸುತ್ತಲೂ ಎದೆಮಟ್ಟದ ನೀರು, ಕುಡಿಯಲು ತೊಟ್ಟಿಲ್ಲ. ಟ್ರ್ಯಾಕ್ಟರಿನ ಟ್ಯೂಬ್ ಮೇಲೆ ಹಲಗೆ ಕಟ್ಟಿಕೊಂಡು ಬಂದ ಯಾರೋ ಇಬ್ಬರು ನೀರಿನ ಪ್ಯಾಕೆಟ್ಟು, ಹಾಲಿನ ಪ್ಯಾಕೆಟ್ಟು ಎಸೆದು ಹೋದರು. ‘ಮುಖ ಕೂಡ ಸರಿಯಾಗಿ ನೋಡಲಿಲ್ಲ ಸಾರ್, ಮಳೆಯ ಟೋಪಿ ಹಾಕಿದ್ದರು’ ಎಂದ. ನನ್ನ ಲೋಟ ಬರಿದಾದದ್ದು ನೋಡಿ ಕೇಳದೆಯೇ ಮತ್ತೆ ತುಂಬಿಸಿದ.

ಮುಂಬಯಿಗೆ ಬಂದ ಮೇಲೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯ ಎತ್ತಿದೆ. ವಾರ್ಷಿಕೋತ್ಸವಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುತ್ತೇವೆ, ಶಾಲು, ಹಾರ, ಸ್ಮರಣಿಕೆಗಳಿಗೆ ಕೊರತೆ ಇಲ್ಲ. ಬೇಸಿಗೆಯ ಮೂರು ತಿಂಗಳು ಸ್ಟೇಷನ್ ಹೊರಗೆ ಒಂದು ಅರವಟ್ಟಿಗೆ ಇಡೋಣ ಎಂದೆ. ಯಾರೂ ಬೇಡ ಎನ್ನಲಿಲ್ಲ. ಪಾಲಿಕೆಯ ಅನುಮತಿಗೆ ಅರ್ಜಿ ಹಾಕುವ ಹೊಣೆ ಕಾರ್ಯದರ್ಶಿಗಳದ್ದು, ಮಹಿಳಾ ವಿಭಾಗದವರು ಶನಿವಾರ, ಭಾನುವಾರ ಮಜ್ಜಿಗೆಯ ಹೊಣೆ ಹೊತ್ತಿದ್ದಾರೆ. ಇಷ್ಟು ನಿರ್ಧಾರವಾಗಲು ಹತ್ತು ನಿಮಿಷ ಸಾಕಾಯಿತು. ಬ್ಯಾನರಿನಲ್ಲಿ ಯಾರ ಯಾರ ಭಾವಚಿತ್ರ ಇರಬೇಕು ಎಂಬ ಚರ್ಚೆ ಒಂದು ಗಂಟೆ ನಡೆದು ಮುಂದಿನ ಸಭೆಗೆ ಹೋಗಿದೆ.

ನಾನೂ ಹೆಂಡತಿಯೂ ಧಾರಾವಿಯ ಕುಂಬಾರವಾಡಕ್ಕೆ ಹೋಗಿ ಎರಡು ದೊಡ್ಡ ಮಡಕೆ ತಂದಿದ್ದೇವೆ. ಹೊಸ ಮಡಕೆಗೆ ಮಣ್ಣಿನ ವಾಸನೆ ಇರುತ್ತದೆ. ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ ಅಡುಗೆ ಮನೆಯ ಮೂಲೆಯಲ್ಲಿ ಹದಕ್ಕೆ ಇಟ್ಟಿದ್ದೇವೆ.